ಪಂಚಾಮೃತ ಕುಡಿದ ಹಾಲಿಹಾಕ್

ನೆಲ, ನೀರು, ಬಿಸಿಲು ಮೂರನ್ನೂ ಕರುಣಿಸಿದ ಪರಮೇಶ್ವರನಿಗೆ ಮೊದಲು ನಮಸ್ಕಾರ. ಅರಸೀಕೆರೆಗೆ ಅವುಗಳನ್ನು ಹಂಚುವಾಗ ಬಿಸಿಲಿನ ವಿಷಯದಲ್ಲಿ ಆತ ಕೈ ಬಿಗಿಹಿಡಿಯಲಿಲ್ಲ. ಅದಕ್ಕೂ ಕೃತಜ್ಞನಾಗಿರಲು ಪ್ರಯತ್ನಿಸುತ್ತಿದ್ದೇನೆ. ಮನುಷ್ಯನಿಗೆ ಆಸೆ ಇರಬಹುದು, ಆದರೆ ಆಸೆಗೆ ಸಂಕಲ್ಪವನ್ನು ಸೇರಿಸಬಾರದು. ಆಸೆ ಕೆಟ್ಟರೆ ನಾಚಿಕೆಯಷ್ಟೇ. ಸಂಕಲ್ಪ ಕೆಟ್ಟರೆ ದೇವರ ಮುಖ ನೋಡುವುದು ಕಷ್ಟ.

ತೊಂಬತ್ತರ ದಶಕದ ಕೊನೆಯಲ್ಲಿ, ಪ್ರೌಢಶಾಲೆಯ ಸಂಸ್ಕೃತ ಪಂಡಿತನಾಗಿ ನಿವೃತ್ತನಾದ ವರ್ಷ, ಅರೇಹಳ್ಳಿಯ ಕಾಫಿ ತೋಟವೊಂದರಲ್ಲಿ ಗುಮಾಸ್ತನಾಗಿದ್ದ ಭಾವಮೈದುನನ ಮನೆಗೆ ಹೋಗಿದ್ದೆ. ಅವನ ಅಂಗಳದಲ್ಲಿ ಆಳೆತ್ತರದ ಹಾಲಿಹಾಕ್ ಗಿಡಗಳು ದಾಸವಾಳವನ್ನು ಹೋಲುವ ಗುಲಾಬಿ ಬಣ್ಣದ ಹೂಗಳನ್ನು ಮೈತುಂಬ ಹೊತ್ತು ನಿಂತಿದ್ದವು. “ಭಾವ, ನಿಮ್ಮೂರ ಬಿಸಿಲಿಗೆ ಇದು ಬರಲ್ಲ ಬಿಡಿ,” ಎಂದ. ಆ ಮಾತಿಗೇ ಒಂದು ಹಿಡಿ ಬೀಜವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಬರುವ ಶಿವರಾತ್ರಿಗೆ ಮೊದಲ ಹೂ ಈಶ್ವರನಿಗೆ ಎಂದು ಸಂಕಲ್ಪವನ್ನೂ ಮಾಡಿಬಿಟ್ಟೆ.

ನಮ್ಮ ಬೀದಿಯ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು. ಆದರೆ ಪೂಜೆ ನಿತ್ಯ. ಅಭಿಷೇಕದ ನೀರನ್ನು ಯಾರೂ ತುಳಿಯಬಾರದೆಂದು ಗಿಡದ ಬುಡಕ್ಕೆ ಹಾಕುವುದು ಪದ್ಧತಿ. ತುಳಸಿಗೆ ಸಲ್ಲುತ್ತಿದ್ದ ಆ ನೀರನ್ನು ನಾನು ಅಂಗಳದಲ್ಲಿ ಬಿತ್ತಿ ಮೊಳೆತ ಹನ್ನೆರಡು ಹಾಲಿಹಾಕ್ ಸಸಿಗಳ ಕಡೆಗೆ ತಿರುಗಿಸಿದೆ. ಸೋಮವಾರಗಳಂದು ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯ ಪಂಚಾಮೃತವೂ ಅದರೊಂದಿಗೆ ಹೋಗುತ್ತಿತ್ತು. ಪಕ್ಕದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಪುಟ್ಟಮ್ಮ ಬೇಲಿಯಾಚೆಯಿಂದ, “ಅಯ್ನೋರೇ, ಗಿಡಕ್ಕೆ ತುಪ್ಪ ಯಾಕೆ? ಅದೇನು ಬಾಣಂತಿನಾ? ಕಾಯಿ ಸಿಪ್ಪೆ ಐತೆ, ಕೊಡ್ತೀನಿ. ಬುಡ ಮುಚ್ಚಿ, ತಂಪಾಗಿರ್ತದೆ,” ಎಂದಳು. ಯಾರ್ಯಾರೋ ತುಳಿದ ಸಿಪ್ಪೆಯನ್ನು ದೇವರ ಗಿಡಕ್ಕೆ ಹಾಕುವುದೆಂತು? ನಯವಾಗಿ ನಿರಾಕರಿಸಿದೆ.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಊರಿನ ಸಮಸ್ತ ಇರುವೆಗಳೂ ನನ್ನ ಭಕ್ತಿಯ ಸುದ್ದಿ ಕೇಳಿ ಬಂದಿದ್ದವು. ಬೇರು ಕೊಳೆತು, ಎಲೆ ಸುಟ್ಟು, ಹನ್ನೆರಡು ಗಿಡಗಳೂ ಒಂದೊಂದಾಗಿ ಶಿವೈಕ್ಯವಾದವು. ನೀರು ತಪ್ಪಿದ ತುಳಸಿಯೂ ಒಣಗಿತು. ಪ್ರತಿದಿನ ಪೂಜೆಗೆ ಕುಳಿತಾಗ ತಲೆ ತಗ್ಗಿಸಿಯೇ ಮಂತ್ರ ಹೇಳುತ್ತಿದ್ದೆ.

ಶಿವರಾತ್ರಿಯ ಬೆಳಿಗ್ಗೆ ನನ್ನಾಕೆ, “ರೀ, ಬಚ್ಚಲ ಹಿಂದೆ ಬನ್ನಿ,” ಎಂದು ಕರೆದಳು. ಬಚ್ಚಲ ನೀರು ಹರಿದುಹೋಗುವಲ್ಲಿ ಒಂದು ಹಾಲಿಹಾಕ್ ಎದೆಯೆತ್ತರ ಬೆಳೆದು, ಒಂದೇ ಒಂದು ಹೂ ಬಿಟ್ಟಿತ್ತು. ಬೀಜ ತಂದ ಕರವಸ್ತ್ರವನ್ನು ಒಗೆಯುವ ಮೊದಲು ಅವಳು ಅಲ್ಲಿ ಒದರಿದ್ದಳಂತೆ. ನನಗೆ ಕಣ್ಣು ತುಂಬಿತು. ಮರುಕ್ಷಣವೇ ಪಾಂಡಿತ್ಯ ಎಚ್ಚೆತ್ತಿತು: ಬಚ್ಚಲ ನೀರು ಕುಡಿದ ಹೂ ದೇವರಿಗೆ ಸಲ್ಲುವುದೇ?

“ತಲೆ ಮೇಲೆ ಗಂಗೇನ ಹೊತ್ತೋನು ಬಚ್ಚಲಿಗೆ ಹೆದರ್ತಾನೇನ್ರೀ? ಕಿತ್ಕೊಂಡು ಬರ್ತೀನಿ.”

“ತಡಿಯೇ, ಶಾಸ್ತ್ರ ನೋಡಬೇಕು.”

ಪೆಟ್ಟಿಗೆಯಲ್ಲಿದ್ದ ಗ್ರಂಥಗಳನ್ನೆಲ್ಲ ತೆಗೆದು ಹುಡುಕಿದೆ. ನಿಷೇಧ ಎಲ್ಲಿಯೂ ಸಿಗಲಿಲ್ಲ. ಸಂತೋಷದಿಂದ ಹೂಬುಟ್ಟಿ ಹಿಡಿದು ಹೊರಬಂದರೆ ಸೂರ್ಯ ನೆತ್ತಿಗೆ ಬಂದಿದ್ದ. ಹೂ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಬಾಡಿದ ಹೂ ಪೂಜೆಗೆ ಸಲ್ಲದು ಎಂಬ ಬಗ್ಗೆ ಮಾತ್ರ ಶಾಸ್ತ್ರದಲ್ಲಿ ಯಾವ ಸಂದೇಹವೂ ಇಲ್ಲ.

ಬೀಜ ಕೊಟ್ಟ ಭಾವಮೈದುನನಿಗೂ, ಕೇಳದಿದ್ದರೂ ಬುದ್ಧಿ ಹೇಳಿದ ಪುಟ್ಟಮ್ಮನಿಗೂ, ಕರವಸ್ತ್ರ ಒದರಿದ ನನ್ನಾಕೆಗೂ, ಸೋಮವಾರ ತಪ್ಪದೆ ಪ್ರಸಾದ ಸ್ವೀಕರಿಸಿದ ಇರುವೆಗಳಿಗೂ ಆಯುರಾರೋಗ್ಯ ದೊರೆಯಲಿ. ಬಚ್ಚಲಿಗೂ ಮಂಗಳವಾಗಲಿ; ಯಾವ ಗ್ರಂಥವನ್ನೂ ತೆರೆಯದೆ ಗಿಡಕ್ಕೆ ನೀರು ಕೊಟ್ಟದ್ದು ಈ ಮನೆಯಲ್ಲಿ ಅದೊಂದೇ.