ಅಲಸಂದೆ ತಿನ್ನುವವರು

"ಹೊಸ ಸಾಹೇಬ್ರು ಜಾರಾ ಮನೆತನದವರಂತೆ! ನಿನ್ನ ನಸೀಬು ಖುಲಾಯಿಸ್ತು ಕಣೋ ಮಾಲೊಬಾಲಿ!"

ಟೈಪು ಯಂತ್ರದ ಹಿಂದಿನಿಂದ ಕೊರೊತುಮು ಹೀಗೆ ಕೂಗಿದಾಗ ಮಾಲೊಬಾಲಿ ಕುಲಿಬಾಲಿ ಸೈಕಲ್ಲಿನಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಪೆಡಲಿನ ಮೇಲಿತ್ತು. ಸುದ್ದಿ ಕೇಳಿದ್ದೇ ಎರಡೂ ಕಾಲು ಒಟ್ಟಿಗೆ ಕುಣಿಯಲು ಹೋಗಿ, ಮನುಷ್ಯ ಸೈಕಲ್ ಸಮೇತ ಕಚೇರಿಯ ಮೆಟ್ಟಿಲ ಮೇಲೆ ಮಗುಚಿಕೊಂಡ.

ಅವರ ಭಾಷೆಯಲ್ಲಿ ಮಾಲೊಬಾಲಿ ಎಂದರೆ ನಾಚಿಕೆ ಇಲ್ಲದವನು. ಹೆಸರಿಟ್ಟ ಅಜ್ಜಿಗೆ ಏನು ಆಸೆಯಿತ್ತೋ ಏನೋ! ಸೆಗು ಪಟ್ಟಣದಲ್ಲೇ ಅವನಷ್ಟು ನಾಚಿಕೆಯ ಮನುಷ್ಯ ಇನ್ನೊಬ್ಬನಿರಲಿಲ್ಲ. ಸೊಳ್ಳೆ ಹೊಡೆಯುವಾಗಲೂ ಒಮ್ಮೆ ಕೆಮ್ಮಿ ಮುನ್ಸೂಚನೆ ಕೊಡುವ ಜಾತಿ. ನದಿ ಸಾರಿಗೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿ, ಜೊಲಿಬಾ ನದಿಯಲ್ಲಿ ಬರುವ ದೋಣಿ, ಹೋಗುವ ದೋಣಿ ಬರೆದುಕೊಂಡು ಬೆನ್ನು ಬಾಗಿಸಿಕೊಂಡಿದ್ದ. ಈಗ ಅವನ ತಲೆಯ ಮೇಲೆ ವರ್ಗಾವಣೆಯ ಕತ್ತಿ ತೂಗುತ್ತಿತ್ತು.

ವರ್ಗ ಎಲ್ಲಿಗೆ ಅಂತೀರಿ? ತಾಂಬೂರಾಕ್ಕೆ. ಮರಳುಗಾಡಿನ ಅಂಚಿನ ಆ ಊರಿನಲ್ಲಿ ನದಿಯ ಒಂದು ಕವಲು ಹರಿಯುತ್ತಿದ್ದದ್ದು ನಿಜ. ಅದು ಬತ್ತಿ ಮೂವತ್ತು ವರ್ಷವಾಗಿತ್ತು. ನದಿ ಹೋದರೂ ಕಚೇರಿ ಹೋಗಲಿಲ್ಲ. ಮುಚ್ಚಿರಿ ಎಂದು ರಾಜಧಾನಿಯಿಂದ ಯಾರೂ ಬರೆದಿರಲಿಲ್ಲವಲ್ಲ! ಹಾಗಾಗಿ ಅಲ್ಲಿನ ಗುಮಾಸ್ತ ದಿನವೂ ಬೆಳಿಗ್ಗೆ ಪುಸ್ತಕ ತೆರೆದು 'ಇಂದು ದೋಣಿ ಬರಲಿಲ್ಲ' ಎಂದು ಬರೆದು, ಸಂಜೆ ಪುಸ್ತಕ ಮುಚ್ಚಬೇಕು. ಹಿಂದಿನ ಗುಮಾಸ್ತ ನಿವೃತ್ತನಾಗಿ ಬಂದಾಗ ಮೇಕೆಗಳ ಜೊತೆ ಮಾತ್ರ ಮಾತಾಡುತ್ತಿದ್ದ. ಅವನ ಜಾಗಕ್ಕೆ ಸೆಗು ಕಚೇರಿಯಿಂದ ಒಬ್ಬ ಹೋಗಬೇಕು. ಹೆಸರು ರಾಜಧಾನಿಯಲ್ಲೇ ನಿಶ್ಚಯವಾಗಿ, ಮುಚ್ಚಿದ ಲಕೋಟೆಯಲ್ಲಿ ಹೊಸ ಸಾಹೇಬರ ಜೊತೆಯೇ ಬಂದಿತ್ತು. ಮಧ್ಯಾಹ್ನದ ನಮಾಜಿಗೆ ಮೊದಲು ಅವರು ಸಹಿ ಹಾಕಿ ಹಲಗೆಗೆ ಅಂಟಿಸುವುದಿತ್ತು. ಆ ಹೆಸರು ಮಾಲೊಬಾಲಿಯದೇ ಎಂದು ಇಡೀ ಕಚೇರಿಗೆ ಖಾತ್ರಿ. ಬಾಯಿಲ್ಲದವನನ್ನು ಬಿಟ್ಟು ಇನ್ಯಾರನ್ನು ಕಳಿಸುತ್ತಾರೆ?

ಅವನ ಅಂಗಳದಲ್ಲಿ ಹನ್ನೊಂದು ವರ್ಷ ನೀರೆರೆದು ಬೆಳೆಸಿದ ಮಾವಿನ ಮರ ಆ ವರ್ಷವೇ ಮೊದಲ ಸಲ ಹೂ ಬಿಟ್ಟಿತ್ತು. ಹೆಂಡತಿ ಸಾನಾಬಾ ಬೆಳಿಗ್ಗೆ ಗಂಜಿ ಬಡಿಸುತ್ತ, "ತಾಂಬೂರಾಕ್ಕೆ ಹೋಗೋದಾದ್ರೆ ನೀವೊಬ್ರೇ ಹೋಗಿ. ನಾನೂ ಮರಾನೂ ಇಲ್ಲೇ ಇರ್ತೀವಿ" ಎಂದು ಹೇಳಿಯೂ ಆಗಿತ್ತು.

ಅಂಥ ಹೊತ್ತಿನಲ್ಲಿ ಬಂದದ್ದು ಈ ಸುದ್ದಿ. ಕುಲಿಬಾಲಿಗಳಿಗೂ ಜಾರಾಗಳಿಗೂ ಇರುವ ಜಗಳ ಇಂದು ನಿನ್ನೆಯದಲ್ಲ. ಸೆಗುವಿನ ಸಿಂಹಾಸನ ಒಂದು ಕಾಲಕ್ಕೆ ಕುಲಿಬಾಲಿಗಳದ್ದಾಗಿತ್ತು, ಆಮೇಲೆ ಜಾರಾಗಳದ್ದಾಯಿತು. ಯಾರು ಯಜಮಾನ, ಯಾರು ಗುಲಾಮ ಎಂಬ ವಾದ ಮಾತ್ರ ಇನ್ನೂ ಮುಗಿದಿಲ್ಲ. ಕತ್ತಿಗಳು ತುಕ್ಕು ಹಿಡಿದ ಮೇಲೆ ನಾಲಿಗೆಗಳು ಕೆಲಸಕ್ಕಿಳಿದವು. ಈಗಿನ ಕಟ್ಟಳೆ ಇಷ್ಟೆ: ಕುಲಿಬಾಲಿ ಜಾರಾನನ್ನು ಎಷ್ಟು ಬೇಕಾದರೂ ಬೈಯಬಹುದು, ಜಾರಾ ಸಿಟ್ಟಾಗುವಂತಿಲ್ಲ. ಬೈದವನು ಏನಾದರೂ ಕೇಳಿದರೆ ಇಲ್ಲ ಎನ್ನುವಂತಿಲ್ಲ. ಜಾರಾನಿಗೂ ಕುಲಿಬಾಲಿಯ ಮೇಲೆ ಅದೇ ಹಕ್ಕು. ಬೈಗುಳಗಳಲ್ಲೆಲ್ಲ ದೊಡ್ಡದು 'ಅಲಸಂದೆ ತಿನ್ನುವವನೇ' ಎಂಬುದು. ಊರಿನಲ್ಲಿ ಪ್ರತಿ ಮನೆಯಲ್ಲೂ ವಾರಕ್ಕೆ ಮೂರು ದಿನ ಅಲಸಂದೆ ಬೇಯುತ್ತದೆ. ತಿಂದೆನೆಂದು ಒಪ್ಪಿಕೊಂಡವನು ಇದುವರೆಗೆ ಹುಟ್ಟಿಲ್ಲ.

"ಜಾರಾ ಅಂತ ನಿಂಗೆ ಹೇಗೆ ಗೊತ್ತಕ್ಕಾ?" ಮಾಲೊಬಾಲಿ ಮೊಣಕೈ ಉಜ್ಜಿಕೊಳ್ಳುತ್ತ ಕೇಳಿದ. ರಾಜಧಾನಿಯಿಂದ ಬಂದ ಸುತ್ತೋಲೆಯಲ್ಲಿ ಹೊಸ ಸಾಹೇಬರ ಪದವಿ, ಪದಕಗಳೆಲ್ಲ ನಾಲ್ಕು ಸಾಲು ತುಂಬ ಇದ್ದವು. ಹೆಸರು ಹಾಕುವುದನ್ನು ಮರೆತಿದ್ದರು.

"ನನ್ನ ಕೇಳು, ನನ್ನ!" ಕಾವಲುಗಾರ ಝಾನಜ್ಜ ಎದೆ ತಟ್ಟಿಕೊಂಡ. ಅವನೂ ಕುಲಿಬಾಲಿಯೇ. "ನಿನ್ನೆ ಸಂಜೆ ಕಾರಿಂದ ಇಳಿದ್ರಲ್ಲ, ನೋಡೇಬಿಡೋಣ ಅಂತ 'ಬಾರೋ ಅಲಸಂದೆ ತಿನ್ನೋನೇ' ಅಂದೆ. ಹೊಟ್ಟೆ ಹಿಡ್ಕೊಂಡು ನಕ್ಕರಪ್ಪ! ಬೇರೆ ಮನೆತನದವನಾಗಿದ್ರೆ ನನ್ನ ಕೆಲಸ ನಿನ್ನೇನೇ ಹೋಗ್ತಿತ್ತು."

ಇದಕ್ಕಿಂತ ದೊಡ್ಡ ಪುರಾವೆ ಯಾವ ನ್ಯಾಯಾಲಯಕ್ಕೆ ಬೇಕು?

ಅಷ್ಟರಲ್ಲಿ ಪಕ್ಕದ ಮೇಜಿನ ಕಾರಿಬಾ ಜಾರಾ ಬಂದ. ಬಂದವನೇ ವಾಡಿಕೆಯಂತೆ ಮಾಲೊಬಾಲಿಯ ಚೀಲಕ್ಕೆ ಕೈಹಾಕಿ ಕಡಲೆಕಾಯಿ ತೆಗೆದುಕೊಂಡ, ವಾಡಿಕೆಯಂತೆ ಮಾಲೊಬಾಲಿಯ ಕುರ್ಚಿಯಲ್ಲಿ ಕೂತ. ಇಪ್ಪತ್ತು ವರ್ಷದಿಂದ ಅವನ ದಿನ ಶುರುವಾಗುತ್ತಿದ್ದುದು ಹೀಗೆಯೇ.

"ಏನೋ ಗುಲಾಮ, ನಮ್ಮೋರೊಬ್ರು ಸಾಹೇಬ್ರಾಗಿ ಬಂದ್ರಂತೆ?" ಎಂದ ಕಾರಿಬಾ. "ಕಾಲಿಗೆ ಬೀಳ್ತೀಯೋ, ಬೈತೀಯೋ?"

"ಮೊದಲು ಹೋಗಿ ಮನೆತನ ಕೇಳ್ತೀನಿ. ಆಮೇಲೆ..."

"ಮನೆತನ ಕೇಳೋನು ಪರದೇಶಿ ಕಣೋ! ಜಾರಾನ ಮುಂದೆ ಕುಲಿಬಾಲಿ ನಿಂತ ಅಂದ್ರೆ ಮೊದಲ ಏಟು ಅವನದ್ದೇ ಆಗ್ಬೇಕು. ಅವರೇ ಮೊದಲು ಬೈದುಬಿಟ್ರೆ ಕೇಳೋ ಹಕ್ಕು ಅವರದ್ದಾಗುತ್ತೆ. 'ತಾಂಬೂರಾಕ್ಕೆ ಹೋಗೋ' ಅಂದ್ರೆ ಹೋಗ್ತೀಯಾ?"

ಮೊದಲು ಬೈಯುವುದೇ ಸರಿ ಎಂದು ಮಾಲೊಬಾಲಿ ಒಪ್ಪಿಕೊಂಡ. ಕಚೇರಿಯ ಕೆಲಸ ಅಲ್ಲಿಗೇ ನಿಂತುಹೋಯಿತು. ಕೊರೊತುಮು ಬೈಗುಳಗಳ ಪಟ್ಟಿಯನ್ನು ಟೈಪು ಮಾಡಿಯೇ ಕೊಟ್ಟಳು, ಸರ್ಕಾರಿ ಕಾಗದದಲ್ಲಿ, ಎರಡು ಪ್ರತಿ. ಝಾನಜ್ಜ ಗೇಟಿನ ಬಳಿ ಕೂರುವ ಮುದುಕಿಯಿಂದ ಬೇಯಿಸಿದ ಅಲಸಂದೆಯನ್ನು ಪಾತ್ರೆ ಸಮೇತ ತಂದ. ಬಿಸಿ ಕಾಳಿನ ಮೇಲೆ ಕರಿದ ಈರುಳ್ಳಿ ಘಮಘಮ ಎನ್ನುತ್ತಿತ್ತು. ಕಾರಿಬಾ ತಾನೇ ಗುರಿಹಲಗೆಯಾಗಿ ನಿಂತು ಅಭ್ಯಾಸ ಮಾಡಿಸಿದ. "ಜೋರಾಗಿ! ನೀನು ಬೈತಿದ್ದೀಯೋ, ರಜೆ ಕೇಳ್ತಿದ್ದೀಯೋ? ಅಪ್ಪನ್ನ ಎಳಿ, ಅಜ್ಜನ್ನ ಎಳಿ!"

ಹತ್ತೂವರೆಗೆ ಮಾಲೊಬಾಲಿ ಕಣ್ಣು ಮುಚ್ಚಿ, ಸಾಹೇಬರ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ನುಗ್ಗಿದ. ಒಳಗೆ ರಾಜಧಾನಿಯ ಅತಿಥಿಗಳು ಇಬ್ಬರು ಕೂತು ಚಹಾ ಕುಡಿಯುತ್ತಿದ್ದರು. ಅವನ ಕಣ್ಣು ಮುಚ್ಚಿತ್ತಲ್ಲ, ಕಾಣಲಿಲ್ಲ.

"ಏಯ್ ಜಾರಾ! ಅಲಸಂದೆ ಮೂಟೆ!" ಅವನ ಕೂಗಿಗೆ ಕಿಟಕಿಯ ಮೇಲಿನ ಪಾರಿವಾಳಗಳು ಹಾರಿದವು. "ನಮ್ಮಜ್ಜನ ಕುದುರೆಗೆ ಹುಲ್ಲು ಹಾಕ್ತಿದ್ದವನ ಮೊಮ್ಮಗ ನೀನು! ಯಾರನ್ನ ಕೇಳಿ ಈ ಕುರ್ಚಿ ಮೇಲೆ ಕೂತೆ? ಹೊಟ್ಟೆ ನೋಡು, ಮೂರು ಮೂಟೆ ಕಾಳು ನೆನೆಹಾಕ್ದಂಗಿದೆ! ನಿಮ್ಮಪ್ಪ ಮದುವೆ ದಿನ ಅಲಸಂದೆ ಹಂಡೆ ನೆಕ್ಕಕ್ಕೆ ಹೋಗಿ ತಲೆ ಸಿಗಿಹಾಕ್ಕೊಂಡು, ಹಂಡೆ ಸಮೇತ ಮದುವೆ ಆದೋನು! ನಿಮ್ಮಮ್ಮ ಗಂಡನ ಮುಖ ನೋಡಿದ್ದು ಮೂರು ದಿನ ಆದ್ಮೇಲೆ! ತಗೋ, ತಿನ್ನು! ತಿಂದು ನನ್ನ ವರ್ಗ ರದ್ದು ಮಾಡು!"

ಪಾತ್ರೆಯನ್ನು ದಡಕ್ಕೆಂದು ಮೇಜಿನ ಮೇಲೆ ಕುಟ್ಟಿ, ನಗು ಕೇಳಿಸೀತೆಂದು ಕಾದ. ಕೇಳಿಸಿದ್ದು ಫ್ಯಾನಿನ ಸದ್ದು ಮಾತ್ರ. ಒಂದು ಕಣ್ಣು ತೆರೆದ.

ಸಾಹೇಬರು ಕನ್ನಡಕದ ಮೇಲೆ ಸಿಡಿದ ಒಂದು ಕಾಳನ್ನು ಒರೆಸುತ್ತಿದ್ದರು. "ನಿಮ್ಮ ಮನೆತನ?" ಎಂದರು ಮೆಲ್ಲಗೆ.

"ಕು... ಕುಲಿಬಾಲಿ. ನಿನ್ನ ಯಜಮಾನ."

"ಸಂತೋಷ. ನಂದೂ ಕುಲಿಬಾಲಿನೇ. ತಿಜಾನಿ ಕುಲಿಬಾಲಿ. ಈಗ ನೀವು ಹಂಡೆ ಒಳಗೆ ತುರುಕಿದ್ದು ನಮ್ಮಪ್ಪನ ತಲೆ. ಮೂಲಪುರುಷ ಒಬ್ಬನೇ ಅಂತ ನೋಡಿದ್ರೆ ನಿಮ್ಮಪ್ಪಂದೂ ಹೌದು. ಆಚೆ ನಡೀರಿ."

ಜಾರಾನಿಗೆ ಬೈದರೆ ತಮಾಷೆ. ಸ್ವಂತ ಮನೆತನದ ಹಿರಿಯನಿಗೆ ಬೈದರೆ ಅದು ಬೈಗುಳ. ಹೆತ್ತ ತಂದೆಯ ಗಡ್ಡ ಎಳೆದ ಹಾಗೆ. ಮಾಲೊಬಾಲಿ ಹಿಮ್ಮುಖವಾಗಿ ನಡೆಯುತ್ತ ಬಾಗಿಲು, ಗೋಡೆ, ನೀರಿನ ಮಡಕೆ ಎಲ್ಲಕ್ಕೂ ಡಿಕ್ಕಿ ಹೊಡೆದು ಹೊರಗೆ ಬಂದ. ಬಾಗಿಲ ಸಂದಿಯಿಂದ ನೋಡಿದರೆ ಸಾಹೇಬರು ಕಿವಿಗೆ ಸಣ್ಣ ತಂತಿ ಸಿಕ್ಕಿಸಿಕೊಂಡು, ಯಾರ ಜೊತೆಗೋ ಫೋನಿನಲ್ಲಿ ಮಾತಾಡಲು ಶುರುಮಾಡಿದ್ದರು. ಝಾನಜ್ಜನೂ ಇಣುಕಿದ.

"ಓಹೋ," ಎಂದ ಮುದುಕ. "ನಿನ್ನೆನೂ ಆ ದಾರ ಕಿವಿಯಲ್ಲಿತ್ತು. ಕಿವಿ ನೋವಿಗೆ ಬತ್ತಿ ಇಟ್ಕೊಂಡಿದಾರೆ ಅಂದ್ಕೊಂಡೆ. ನಕ್ಕಿದ್ದು ನನ್ನ ಮಾತಿಗಲ್ಲ ಅನ್ಸುತ್ತೆ."

"ಅಜ್ಜಾ!" ಎಂದು ಮಾಲೊಬಾಲಿ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಕಣ್ಣ ಮುಂದೆ ಮಾವಿನ ಹೂವೆಲ್ಲ ಉದುರತೊಡಗಿತು.

"ಸಾಯ್ಬೇಡ್ವೋ," ಎಂದಳು ಕೊರೊತುಮು. "ಸಾಹೇಬ್ರು ಕುಲಿಬಾಲಿ ಅಂದ್ರೆ ಅವರ ಹತ್ರ ಹಕ್ಕಿಂದ ಕೇಳೋಕೆ ಯಾರಿಗೆ ಆಗುತ್ತೆ? ಒಬ್ಬ ಜಾರಾಗೆ! ಈ ಕಚೇರೀಲಿ ಜಾರಾ ಇರೋದು ಒಬ್ಬನೇ."

ಎಲ್ಲರೂ ಕಾರಿಬಾನತ್ತ ತಿರುಗಿದರು. ಕಾರಿಬಾ ಕಡಲೆಕಾಯಿ ಸಿಪ್ಪೆ ಊದಿ, ಬೂಬೂ ನಿಲುವಂಗಿಯ ಮಡಿಕೆಯನ್ನು ನಿಧಾನಕ್ಕೆ ಸರಿಮಾಡಿಕೊಂಡ.

"ಹೋಗ್ತೀನಿ. ಆದ್ರೆ ಇಪ್ಪತ್ತು ವರ್ಷದಿಂದ ಒಂದು ಮಾತು ಇವನ ಬಾಯಿಂದ ಕೇಳ್ಬೇಕು ಅಂತ ಕಾಯ್ತಿದೀನಿ. ಅಂಗಳದ ಮಧ್ಯೆ ನಿಂತು ಹೇಳ್ಲಿ."

"ಬೇರೆ ಏನಾದ್ರೂ ಕೇಳೋ ಅಣ್ಣಾ. ಸೈಕಲ್ ತಗೋ."

"ಸೈಕಲ್ ಹೇಗೂ ಸಂಜೆ ನಾನೇ ಓಡ್ಸೋದು. ಮಾತು ಹೇಳು."

ದೋಣಿಗೆ ಕಾದು ಕೂತಿದ್ದ ಮೀನುಗಾರರು, ಮಡಕೆ ಮಾರುವ ಹೆಂಗಸರು, ಅಲಸಂದೆ ಮುದುಕಿ ಎಲ್ಲ ಸುತ್ತ ನೆರೆದರು. ಮಾಲೊಬಾಲಿ ಅಂಗಳದ ಮಧ್ಯೆ ನಿಂತು, ತನ್ನ ಚಪ್ಪಲಿಗಳಿಗೆ ಹೇಳುವವನಂತೆ ಹೇಳಿದ: "ಕುಲಿಬಾಲಿಗಳು ಜಾರಾಗಳ ಗುಲಾಮರು. ನಾನು... ಅಲಸಂದೆ ತಿನ್ನೋನು."

"ನದಿ ಆಚೆ ದಡಕ್ಕೆ ಕೇಳಿಸ್ಲಿಲ್ಲ!"

"ಅಲಸಂದೆ ತಿನ್ನೋನು!" ಎಂದು ಮಾಲೊಬಾಲಿ ಕಿರುಚಿದ. ಝಾನಜ್ಜ ಮನೆತನದ ಮಾನ ಹೋದದ್ದನ್ನು ನೋಡಲಾರದೆ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ. ಕಾರಿಬಾ ಯುದ್ಧ ಗೆದ್ದ ದಳಪತಿಯ ಠೀವಿಯಲ್ಲಿ ಮೆಟ್ಟಿಲೇರಿ ಸಾಹೇಬರ ಕೋಣೆ ಹೊಕ್ಕ.

ಮೊದಲು ಒಳಗಿನಿಂದ ಕೂಗಾಟ ಕೇಳಿಸಿತು. "ಗುಲಾಮ!" "ನೀನು ಗುಲಾಮ!" ಆಮೇಲೆ ಮೇಜು ಗುದ್ದುವ ಸದ್ದು. ಆಮೇಲೆ ನಗು, ಒಬ್ಬರದಲ್ಲ, ಅತಿಥಿಗಳೂ ಸೇರಿ ನಾಲ್ವರದು. ಅರ್ಧ ಗಂಟೆಯಲ್ಲಿ ಮೂರು ಸುತ್ತು ಚಹಾ ಒಳಗೆ ಹೋಯಿತು. ಕಾರಿಬಾ ಹೊರಗೆ ಬಂದಾಗ ಅವನ ಮುಖ ಎಣ್ಣೆ ಸವರಿದ ಹಾಗೆ ಮಿನುಗುತ್ತಿತ್ತು.

"ಕ್ಷಮಿಸಿಬಿಟ್ರು!"

"ವರ್ಗದ ವಿಚಾರ?" ಎಂದ ಮಾಲೊಬಾಲಿ.

"ಅದನ್ನೂ ಕೇಳ್ದೆ. 'ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಇವನಿಗೆ ಬೈದೇ ನನಗೆ ಗಂಜಿ ಅರಗೋದು. ಇವನನ್ನ ನನ್ನಿಂದ ಬೇರೆ ಮಾಡ್ಬೇಡಿ. ಜಾರಾ ಕೇಳ್ತಿದಾನೆ, ಕುಲಿಬಾಲಿ ಕೊಡ್ಬೇಕು' ಅಂದೆ." ಕಾರಿಬಾನ ದನಿ ಯಾಕೋ ಸ್ವಲ್ಪ ಒದ್ದೆಯಾಗಿತ್ತು, ಕೂಡಲೇ ಕೆಮ್ಮಿ ಸರಿಮಾಡಿಕೊಂಡ. "ಅದನ್ನ ಕೇಳಿ ಎಷ್ಟು ನಕ್ಕರು ಅಂತೀಯ! ಕಣ್ಣಲ್ಲಿ ನೀರು ಬಂತು. 'ಕೊಟ್ಟೆ' ಅಂದ್ರು. ನನ್ನೆದುರೇ ಪೆನ್ನು ತೆಗೆದು ಬರೆದ್ರು."

ಮಾಲೊಬಾಲಿ ಅವನನ್ನು ಅಪ್ಪಿಕೊಂಡುಬಿಟ್ಟ. ಜಾರಾನೊಬ್ಬನನ್ನು ಕುಲಿಬಾಲಿ ಅಪ್ಪಿಕೊಂಡದ್ದನ್ನು ನೋಡಿ ಮಡಕೆ ಮಾರುವವರು ಚಪ್ಪಾಳೆ ತಟ್ಟಿದರು.

ಹನ್ನೆರಡಕ್ಕೆ ಕೊರೊತುಮು ಆದೇಶವನ್ನು ತಂದು ಹಲಗೆಗೆ ಅಂಟಿಸಿದಳು. ಅಂಟಿಸಿದವಳು ಅಲ್ಲೇ ನಿಂತಳು.

ಆದೇಶದಲ್ಲಿ, ರಾಜಧಾನಿಯಲ್ಲಿ ಟೈಪಾದ ಒಂದೇ ಒಂದು ಹೆಸರಿತ್ತು. ತಾಂಬೂರಾಕ್ಕೆ: ಕಾರಿಬಾ ಜಾರಾ. ಅದರ ಕೆಳಗೆ ಸಾಹೇಬರ ಕೈಬರಹದಲ್ಲಿ, ನೀಲಿ ಶಾಯಿಯಲ್ಲಿ ಇನ್ನೊಂದು ಹೆಸರಿತ್ತು. ಮಾಲೊಬಾಲಿ ಕುಲಿಬಾಲಿ. ಪಕ್ಕದಲ್ಲಿ ಷರಾ: 'ಜಾರಾ ಅವರ ಕೋರಿಕೆಯ ಮೇರೆಗೆ.'

ಮಾಲೊಬಾಲಿ ಮೂರು ಸಲ ಓದಿದ. ಬೆಳಿಗ್ಗೆಯಿಂದ ಸುಮ್ಮನೆ ಕುರ್ಚಿಯಲ್ಲಿ ಕೂತು ದೋಣಿ ಬರೆದುಕೊಂಡಿದ್ದರೆ ಮಾವಿನ ಮರವೂ ಉಳಿಯುತ್ತಿತ್ತು, ಕಡಲೆಕಾಯಿಯೂ ಉಳಿಯುತ್ತಿತ್ತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕುರ್ಚಿಯೂ ತನ್ನದಾಗುತ್ತಿತ್ತು.

"ನಾ... ನಾನಾ?" ಕಾರಿಬಾ ಹಲಗೆಗೆ ಮೂಗು ತಾಗಿಸಿ ನಿಂತಿದ್ದ. "ಮೊದಲಿಂದ್ಲೂ ನಾನೇನಾ?"

"ನೀನೇ. ಅದಕ್ಕೇ ಸಾಹೇಬ್ರು ಅಷ್ಟು ನಕ್ಕಿದ್ದು" ಎಂದ ಮಾಲೊಬಾಲಿ.

"ಕುಲಿಬಾಲಿ ಬುದ್ಧಿ! ಗುಲಾಮರ ಬುದ್ಧಿ!" ಕಾರಿಬಾ ಗೋಡೆಗೆ ಒರಗಿದ. ಅಲ್ಲಿಂದಲೇ, "ತಾಂಬೂರಾದಲ್ಲಿ ಕುರ್ಚಿ ಎಷ್ಟಿದೆಯೋ?" ಎಂದ.

"ಒಂದು."

"ಹಾಗಾದ್ರೆ ನೀನು ಎಲ್ಲಿ ಕೂರ್ತೀಯ?"

ಮಾಲೊಬಾಲಿ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರ ಬಾಗಿಲು ತೆರೆಯಿತು. ತಿಜಾನಿ ಕುಲಿಬಾಲಿಯವರು ಗಂಭೀರವಾಗಿ ಹೊರಬಂದು, ಗೇಟಿನ ಮುದುಕಿಯ ಕೈಗೆ ಪಾತ್ರೆ ಒಪ್ಪಿಸಿ ನಮಾಜಿಗೆ ಹೊರಟರು. ಪಾತ್ರೆ ಖಾಲಿಯಾಗಿತ್ತು, ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಸಾಹೇಬರ ಮೀಸೆಯ ಬಲತುದಿಯಲ್ಲಿ ಒಂದು ದುಂಡನೆಯ ಅಲಸಂದೆ ಕಾಳು ಅಂಟಿಕೊಂಡಿತ್ತು. ಕಾರಿಬಾನ ಕಣ್ಣು ಅರಳಿತು; ಇಡೀ ಸೆಗುವಿಗೆ ಕೇಳಿಸುವಂತೆ ಕೂಗಲು ಎದೆ ತುಂಬ ಗಾಳಿ ಎಳೆದುಕೊಂಡ. ಮಾಲೊಬಾಲಿ ಎರಡೂ ಕೈಯಿಂದ ಅವನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ, ಸಾಹೇಬರು ಗೇಟು ದಾಟಿ ಮರೆಯಾಗುವವರೆಗೂ ಬಿಡಲಿಲ್ಲ.