ಅನ್ನ ಬಿಟ್ಟ ಡ್ರೈವರ್

ಬಸ್ ಡ್ರೈವರನ ಪಾಡಿಗೆಲ್ಲ ಕಾರಣ ಒಂದು ಒಳ್ಳೆಯ ಸಲಹೆ. ಈ ವರ್ಷದ ತಪಾಸಣೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡುತ್ತಾರೆ, ಸಕ್ಕರೆ ಹೆಚ್ಚಿದ್ದರೆ ಸ್ಟೇರಿಂಗ್ ಬಿಡಿಸಿ ಡಿಪೋ ಗೇಟು ಕಾಯಲು ಕೂರಿಸುತ್ತಾರೆ ಎಂದು ಗೊತ್ತಾದದ್ದೇ ತಡ, ಅವನ ಕಂಡಕ್ಟರ್ ಬಾಯಿ ಹಾಕಿದ್ದ.

"ಅಣ್ಣ, ಐದು ದಿನ ಅನ್ನ, ಬ್ರೆಡ್ಡು, ಆಲೂಗಡ್ಡೆ ಮುಟ್ಟಬೇಡ. ಒಳಗೆ ಸಕ್ಕರೆನೇ ಇಲ್ದಿದ್ರೆ ಅವರೇನು ಕಂಡುಹಿಡೀತಾರೆ?"

ಮಹಡಿ ಮನೆಯ ಅಜ್ಜಿ ಅವನು ಅನ್ನ ಮುಟ್ಟದಂತೆ ಕಾವಲಿಗೆ ನಿಂತಳು. ಮೊಟ್ಟೆ, ಸೌತೆಕಾಯಿಯಲ್ಲೇ ಐದು ದಿನ ದೂಡಿದ ಡ್ರೈವರ್, ಆರನೆಯ ದಿನ ಬೆಳಿಗ್ಗೆ ಗಾಳಿ ಹೋದ ಟಯರಿನಂತೆ ತಪಾಸಣೆಗೆ ಆಸ್ಪತ್ರೆ ತಲುಪಿದ. ಮೊದಲು ಬರಿಹೊಟ್ಟೆಯ ರಕ್ತ ತೆಗೆದರು. ಆಮೇಲೆ ನರ್ಸ್ ಕೊಟ್ಟ ಸಿಹಿನೀರನ್ನು ಗಟಗಟ ಕುಡಿದು, "ಸಿಸ್ಟರ್, ಇನ್ನೊಂದು ಲೋಟ ಸಿಗುತ್ತಾ?" ಎಂದ.

ಎರಡು ಗಂಟೆಯ ನಂತರ ಮತ್ತೆ ರಕ್ತ. ಸಕ್ಕರೆ ಮಿತಿ ಮೀರಿತ್ತು! ಜೊತೆಗೆ ಬಂದಿದ್ದ ಕಂಡಕ್ಟರ್ ಸುದ್ದಿ ಮುಟ್ಟಿಸಲು ಹೊರಗೋಡಿ ಡ್ರೈವರನ ಹೆಂಡತಿಗೆ ಫೋನು ಹಚ್ಚಿದ.

"ಈ ವಾರ ಏನು ತಿಂದ್ರಿ?" ಡಾಕ್ಟ್ರಮ್ಮ ಕೇಳಿದರು. ಡ್ರೈವರ್ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ಅವರು ನಕ್ಕುಬಿಟ್ಟರು.

"ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಅಂತ ಒಂದಿದೆ. ಊಟದ ಸಕ್ಕರೆ ರಕ್ತಕ್ಕೆ ಬಂದ ಹಾಗೆ, ಅದನ್ನ ಸಾಗಿಸೋಕೆ ತಕ್ಕಷ್ಟು ಇನ್ಸುಲಿನ್ ಬಿಡುತ್ತೆ. ಐದು ದಿನ ಪ್ರಯಾಣಿಕರೇ ಇಲ್ಲ ಅಂತ ಬಸ್ಸನ್ನ ಡಿಪೋಲಿ ನಿಲ್ಲಿಸಿ, ಇವತ್ತು ಒಂದೇ ಸಲ ಊರಿಗೆ ಊರನ್ನೇ ಸ್ಟಾಪಿಗೆ ತಂದಿದ್ದೀರಿ. ಇನ್ಸುಲಿನ್ ಬಸ್ಸು ತಕ್ಷಣ ಎಲ್ಲಿ ಹೊರಡುತ್ತೆ?"

"ಹಾಗಾದ್ರೆ ಕಾಯಿಲೆ ಇಲ್ವಾ, ಮೇಡಂ?"

"ಇದನ್ನ ನಂಬಿ ಇದೆ ಅನ್ನೋಕಾಗಲ್ಲ. ಬರಿಹೊಟ್ಟೆಯ ರಕ್ತ ಚೆನ್ನಾಗೇ ಇದೆ. ಮೂರು ದಿನ ಎಂದಿನಂತೆ ಅನ್ನ, ಬ್ರೆಡ್ಡು ತಿಂದು ಬನ್ನಿ, ಮತ್ತೆ ನೋಡೋಣ. ಅಲ್ಲೀವರೆಗೂ ರಜೆ."

ಡ್ರೈವರನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ದಾರಿಯಲ್ಲಿ ದೊಡ್ಡ ಬ್ರೆಡ್ಡು ಕೊಂಡು, ಸಿಳ್ಳೆ ಹೊಡೆಯುತ್ತ ಮನೆಗೆ ಬಂದ. ಬಾಗಿಲಲ್ಲೇ ಅಜ್ಜಿ ಬ್ರೆಡ್ಡು ಕಿತ್ತುಕೊಂಡಳು.

"ಸಕ್ಕರೆ ನೆತ್ತಿಗೇರಿದೆಯಂತೆ, ಕೈಯಲ್ಲಿ ಬ್ರೆಡ್ಡು ಬೇರೆ!"

"ಡಾಕ್ಟ್ರಮ್ಮನೇ ತಿನ್ನಿ ಅಂದ್ರು ಕಣಜ್ಜಿ!"

"ನಮ್ಮ ಯಜಮಾನ್ರೂ ಕೊನೇತನಕ ಹಿಂಗೇ ಅಂತಿದ್ರು, ಪಾಪ."

ಡ್ರೈವರ್ ಡಾಕ್ಟ್ರಮ್ಮನಿಗೆ ಫೋನು ಮಾಡಿ ಹೆಂಡತಿಯ ಕಿವಿಗೆ ಹಿಡಿದ. "ಚೆನ್ನಾಗಿ ಅನ್ನ ಹಾಕಮ್ಮ" ಎಂಬ ದನಿ ಕೇಳಿದ್ದೇ ಅವಳು ಫೋನು ಕುಕ್ಕಿದಳು.

"ಏನ್ರೀ, ಸಕ್ಕರೆ ಇರೋರಿಗೆ ಅನ್ನ ಹಾಕು ಅನ್ನೋ ಡಾಕ್ಟ್ರು ಎಲ್ಲಾದ್ರೂ ಇರ್ತಾರಾ? ಯಾರ ಕೈಲಿ ಹೇಳಿಸ್ತಿದ್ದೀರಿ? ಮುಂದಿನ ಸಲ ಪಾಸಾಗಲೇಬೇಕು. ಅಲ್ಲೀತನಕ ಒಂದಗುಳೂ ಇಲ್ಲ!"

"ಅನ್ನ ಕೊಡಬೇಡಿ ಅಂತ ಡಿಪೋ ಕ್ಯಾಂಟೀನಿಗೂ ಹೇಳಿಟ್ಟಿದೀನಿ ಅಣ್ಣ," ಆಗಲೇ ಮನೆಗೆ ಬಂದು ಕೂತಿದ್ದ ಕಂಡಕ್ಟರ್ ಅಕ್ಕರೆಯಿಂದ ಹೇಳಿದ.

ಸದ್ಯ ಕಾಯಿಲೆಯಂತೂ ಇಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟು, ಡ್ರೈವರ್ ಬೇಯಿಸಿದ ಎಲೆಕೋಸಿನ ತಟ್ಟೆ ಎಳೆದುಕೊಂಡ. ಅಡುಗೆಮನೆಯ ಬೀಗದಕೈ ಆಗಲೇ ಅಜ್ಜಿಯ ಸೊಂಟ ಸೇರಿತ್ತು.