ಡೈರೆಕ್ಟ್ ಕೊಟ್ಟ ಬೋಟು

ಕರೆಂಟಿಗೆ ನಾನು ಹೆದರುವವನಲ್ಲ. ಸಿಂಧನೂರಿನಲ್ಲಿ ಬಹಳ ವರ್ಷಗಳಿಂದ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದೇನೆ. ಅದು ಹೊಡೆದಾಗೊಮ್ಮೆ ಬೈದು ಮತ್ತೆ ಅಲ್ಲಿಗೇ ಕೈ ಹಾಕುತ್ತೇನೆ. ನನಗಿರುವ ಹೆದರಿಕೆ ನೀರಿನದು. ನೀರು ಮೊಣಕಾಲು ದಾಟಿತೆಂದರೆ ನಮ್ಮ ಮನೆದೇವರಿಂದ ಹಿಡಿದು ಪಕ್ಕದ ಮನೆಯವರ ದೇವರವರೆಗೆ ಎಲ್ಲರೂ ಸಾಲಾಗಿ ನೆನಪಾಗುತ್ತಾರೆ. ಚಿಕ್ಕಂದಿನಲ್ಲಿ ಸೋದರಮಾವ ಈಜು ಕಲಿಸುತ್ತೇನೆಂದು ಸೊಂಟಕ್ಕೆ ಹಗ್ಗ ಕಟ್ಟಿ ಬಾವಿಗೆ ಇಳಿಸಿದ್ದ. ಹಗ್ಗ ಗಟ್ಟಿಯಾಗಿಯೇ ಇತ್ತು, ನಾನೇ ಗಟ್ಟಿಯಿರಲಿಲ್ಲ. ಕಾಲುವೆ ಸೀಮೆಯಲ್ಲಿ ಹುಟ್ಟಿಯೂ ಈಜು ಬಾರದವನೆಂದು ಊರೆಲ್ಲ ನಕ್ಕಿತು. ನಗಲಿ, ಜೀವ ನನ್ನದು.

ಇಂಥವನ ಹೆಂಡತಿಗೆ ಶರಣಬಸವ ಎಂಬ ತಮ್ಮನಿದ್ದಾನೆ. ದಢೇಸುಗೂರಿನ ಬಳಿ ಹೊಳೆಯ ದಂಡೆಗೆ ಅವನ ಗದ್ದೆ. ಜನರನ್ನು ಕೂರಿಸಿಕೊಂಡು ಹೊಳೆಯಲ್ಲಿ ಸುತ್ತಾಡಿಸುತ್ತೇನೆಂದು ಹೋದ ತಿಂಗಳು ಕರಾವಳಿಯಿಂದ ಹಳೆಯ ಜೆಟ್ ಬೋಟೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ಲಿಂಗಸುಗೂರು ದಾಟಿ ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜನ ಮುತ್ತಿಕೊಂಡು, “ಭತ್ತ ಕೊಯ್ಯೋ ಹೊಸಾ ಮಷೀನ್ ಏನ್ರಿ?” ಎಂದು ಕೇಳಿದರಂತೆ. ಅದು ಭತ್ತವನ್ನೇ ಕೊಯ್ದಿದ್ದರೆ ನಾನಿಂದು ನೆಮ್ಮದಿಯಾಗಿರುತ್ತಿದ್ದೆ. ಬೋಟು ಸ್ಟಾರ್ಟ್ ಆಗುತ್ತಿತ್ತು, ಎರಡು ನಿಮಿಷಕ್ಕೆ ಕೆಮ್ಮಿ ನಿಲ್ಲುತ್ತಿತ್ತು.

“ಮಾವ, ಇದು ಬೋಟ್ ಅಲ್ಲರೀ, ಪಂಪ್‌ಸೆಟ್ಟು,” ಎಂದ ಅವನು. “ತೆಳಗಿಂದ ನೀರು ಎಳೀತೈತಿ, ಹಿಂದಕ್ಕ ಒಗೀತೈತಿ. ಅಷ್ಟ. ನಿಮಗ ಬಿಟ್ಟು ಯಾರಿಗಿ ಗೊತ್ತಾಗಬೇಕು?” ಹೊಗಳಿಕೆಗೆ ಬಿದ್ದವನು ಬಾವಿಗೆ ಬಿದ್ದವನಿಗಿಂತ ಕಡೆ. ಹೋದೆ. ಬೋಟು ಇನ್ನೂ ದಂಡೆಯ ಮೇಲೆ ಇಟ್ಟಿಗೆಗಳ ಮೇಲೆ ಕೂತಿತ್ತು. ಆದರೂ ಲೈಫ್ ಜಾಕೆಟ್ ಹಾಕಿಕೊಂಡೇ ಹತ್ತಿದೆ. ಜೊತೆಗೆ ಬಂದಿದ್ದ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದೆ. ಬ್ಯಾಟರಿ ಸರಿಯಿತ್ತು. ಸಡಿಲವಾಗಿದ್ದ ಅರ್ಥ್ ವಾಯರ್ ಬಿಗಿದೆ. ಚಾವಿಯ ಸ್ವಿಚ್ಚು ಮಾತ್ರ ಉಪ್ಪು ನೀರಿಗೆ ಒಳಗೊಳಗೇ ತಿಂದುಹೋಗಿತ್ತು. ಅದರ ಪಕ್ಕದಲ್ಲಿ ಕೆಂಪು ದಾರ ಸಿಕ್ಕಿಸಿದ ಇನ್ನೊಂದು ಸ್ವಿಚ್ಚು. ಆ ದಾರವನ್ನು ಓಡಿಸುವವನು ಕೈಗೆ ಕಟ್ಟಿಕೊಳ್ಳಬೇಕು, ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ತಾನೇ ನಿಲ್ಲುತ್ತದೆ. ಅದೂ ತುಕ್ಕು.

ನಮ್ಮ ಕಡೆ ಇಂಥ ಎಲ್ಲ ರೋಗಗಳಿಗೂ ಒಂದೇ ಔಷಧ: ‘ಡೈರೆಕ್ಟ್’. ಸ್ಟಾರ್ಟರ್ ಕೆಟ್ಟರೆ ಮೋಟಾರಿಗೆ ಡೈರೆಕ್ಟ್, ರೆಗ್ಯುಲೇಟರ್ ಕೆಟ್ಟರೆ ಫ್ಯಾನಿಗೆ ಡೈರೆಕ್ಟ್. ಗದ್ದೆ ಒಣಗುತ್ತಿರುವಾಗ ಸ್ವಿಚ್ಚು ಹುಡುಕಿಕೊಂಡು ಪೇಟೆ ತಿರುಗುವವರು ಯಾರು? ಎರಡೂ ಸ್ವಿಚ್ಚುಗಳನ್ನು ಬಿಟ್ಟು ಬ್ಯಾಟರಿಯ ವಾಯರನ್ನು ನೇರ ಎಂಜಿನ್ನಿಗೆ ಜೋಡಿಸಿ, ಹತ್ತು ಸುತ್ತು ಟೇಪು ಸುತ್ತಿದೆ. ಕೆಲಸ ಅಚ್ಚುಕಟ್ಟು ನೋಡಿ, ಅದೇ ನನ್ನ ದೋಷ.

“ನನ ತಮ್ಮನ ಬೋಟು, ಮೊದಲು ನಾ ಕೂಡಾಕಿ,” ಎಂದು ಹೆಂಡತಿ ಹಟ ಹಿಡಿದಳು. ಆಕೆಯನ್ನು ಕೂರಿಸುವ ಮೊದಲು ಒಂದು ಸುತ್ತು ನೋಡಲೇಬೇಕಲ್ಲ? ಮನೆದೇವರನ್ನು ನೆನೆದು ಹತ್ತಿದೆ. ಗದ್ದೆಯ ಆಳುಗಳು ಬೋಟನ್ನು ನೀರಿಗೆ ತಳ್ಳಿದರು, ಓಡಿಸಲು ಕೂತ ಶರಣಬಸವ ಸ್ಟಾರ್ಟ್ ಬಟನ್ ಒತ್ತಿದ, ಎಂಜಿನ್ ಗುಡುಗಿತು. ಎರಡು ನಿಮಿಷ ಕಳೆಯಿತು, ನಿಲ್ಲಲಿಲ್ಲ. ಮೂರು, ನಾಲ್ಕು, ಐದು ನಿಮಿಷ. ಹೆಮ್ಮೆಯಿಂದ ಮೀಸೆಗೆ ಕೈ ಹಾಕುವಷ್ಟರಲ್ಲಿ ಅವನು ಚೀರಿದ.

“ಮಾವ, ಎಕ್ಸಲೇಟರ್ ಸಿಕ್ಕೊಂಡೈತ್ರಿ! ವಾಪಸ್ ಬರವಲ್ದು!”

“ಬಂದ್ ಮಾಡಲೇ!”

“ಹ್ಯಾಂಗ್ ಬಂದ್ ಮಾಡ್ಲಿ? ನೀವು ಡೈರೆಕ್ಟ್ ಕೊಟ್ಟೀರಲ್ರೀ!”

ಆಗ ನನಗೆ ಅರಿವಾಯಿತು. ಎಂಜಿನ್ ನಿಲ್ಲಿಸುವ ಎರಡು ದಾರಿಗಳನ್ನೂ ನಾನೇ ನನ್ನ ಕೈಯಾರೆ ಮುಚ್ಚಿದ್ದೆ. ಮುಂದೆ ಬಂಡೆಗಳು. ಅವನು ಸ್ಟೀರಿಂಗ್ ಚಕ್ರ ತಿರುಗಿಸಿ ತಿರುಗಿಸಿ ಗಾಣದೆತ್ತಿನ ಹಾಗೆ ನಡುಹೊಳೆಯಲ್ಲೇ ಸುತ್ತಿಸತೊಡಗಿದ. ಕಟ್ಟಿಂಗ್ ಪ್ಲೈಯರ್ ದಂಡೆಯ ಮೇಲಿತ್ತು. ಟೇಪಿನ ತುದಿ ಸಿಗದೆ ಹಲ್ಲು ಹಚ್ಚಿದೆ. ಹತ್ತು ಸುತ್ತು ಯಾಕೆ ಸುತ್ತಿದೆಯೋ ಪಾಪಿ ಎಂದು ಅಳುತ್ತ ಕಚ್ಚಿ ಎಳೆದೆ. ಕೊನೆಗೆ ವಾಯರ್ ಕಳಚಿತು, ಎಂಜಿನ್ ನಿಂತಿತು. ಉಸಿರು ಬಿಡುವ ಮೊದಲೇ ಇನ್ನೊಂದು ತಿಳಿಯಿತು: ಈ ಬೋಟು ತಿರುಗುವುದು ಹಿಂದಕ್ಕೆ ಒಗೆಯುವ ನೀರಿನಿಂದ, ಎಂಜಿನ್ ಓಡಿದರಷ್ಟೇ ದಿಕ್ಕು. ಹೊಳೆ ನಮ್ಮನ್ನು ನಿಧಾನವಾಗಿ ಬಂಡೆಗಳ ಕಡೆಗೇ ಒಯ್ಯುತ್ತಿತ್ತು.

“ಹಚ್ರಿ ಮಾವ, ಮತ್ತ ಹಚ್ರಿ!”

ವಾಯರಿನ ಎರಡು ತುದಿಗಳನ್ನೂ ಮುಷ್ಟಿಯಲ್ಲಿ ಕೂಡಿಸಿ ಹಿಡಿದೆ. ಅವನು ಬಟನ್ ಒತ್ತಿದ. ಬೋಟು ಚಿಮ್ಮಿತು. ನಾನು ಕಣ್ಣು ಮುಚ್ಚಿದೆ. ದಂಡೆ ಬಂದದ್ದು ಬೋಟಿನ ಹೊಟ್ಟೆಯ ಕೆಳಗೆ ಕೆಸರು ಕರಕರ ಅಂದಾಗ ತಿಳಿಯಿತು. ಬೋಟಿನ ಮೂತಿ ಕೆಸರೇರಿ ನಿಂತಿತ್ತು, ಎಂಜಿನ್ ಮಾತ್ರ ಅರಚುತ್ತಲೇ ಇತ್ತು.

“ಮಾವ, ವಾಯರ್ ಬಿಡ್ರಿ!”

“ಬಿಟ್ಟೀನಲೇ! ಇದರ ಮನಿ ಹಾಳಾಗ, ಬಿಟ್ರೂ ನಿಂದ್ರವಲ್ದು!” ಎಂದು ಎಂಜಿನ್ನಿನ ವಂಶವನ್ನೇ ಬೈದೆ. ಆಣೆ ಮಾಡಿ ಹೇಳುತ್ತೇನೆ, ಬಿಟ್ಟಿದ್ದೇನೆಂದೇ ನಾನು ನಂಬಿದ್ದೆ.

ಶರಣಬಸವ ನನ್ನ ಮುಷ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿದ. ಮೂರನೆಯ ಬೆರಳಿಗೆ ಎಂಜಿನ್ ನಿಂತಿತು. ಕೆಸರು ತುಳಿಯುತ್ತ ಓಡಿಬಂದ ಹೆಂಡತಿ ನಮ್ಮಿಬ್ಬರನ್ನೂ ಮುಟ್ಟಿ ನೋಡಿ, “ಫಾಲ್ಟ್ ಸಿಕ್ತೇನೋ ತಮ್ಮಾ?” ಎಂದು ಕೇಳಿದಳು.

“ಸಿಕ್ತಬೇ ಅಕ್ಕಾ,” ಎಂದ ಅವನು, ನನ್ನ ಕೈ ಇನ್ನೂ ಹಿಡಿದುಕೊಂಡೇ. “ಬೋಟಿನಾಗಿಲ್ಲ.”